ಮೈ ಹೋಲಿದರೂ ಜೀವ ತನ್ನದಾಗಿರಲಿ

ಹಿಂದೊಮ್ಮೆ ಜನಪ್ರಿಯವಾದ ಚಲಚ್ಚಿತ್ರವನ್ನು ಮರಳಿ ತೆಗೆಯುತ್ತಾರೆಂದೋ, ಅದರ ಎರಡನೆಯ ಭಾಗವು ಬರುತ್ತದೆಂದೋ ಸುದ್ದಿ ಹುಟ್ಟಿದೊಡನೆ ನಮ್ಮ ಮನೆಗಳಲ್ಲಿ ಚರ್ಚೆಗೆ ಆರಂಭವಾಗುವುದು. ಚಿತ್ರವನ್ನು ನೋಡಿ ಬಂದ ಮೇಲಂತೂ ಎರಡು ಬಗೆಯ ಮಾತುಗಳು ತಪ್ಪದೆ ಕೇಳಿಬರುವುವು. "ಹೊಸತೇನಿದೆ? ಅದೇ ಕಥೆ" ಎನ್ನುವುದು ಒಂದು. "ಅಯ್ಯೋ, ಮೊದಲಿನದರ ಹಾಗೆ ಇಲ್ಲವೇ ಇಲ್ಲ" ಎನ್ನುವುದು ಇನ್ನೊಂದು. ವಿಚಿತ್ರವೇನೆಂದರೆ, ಅನೇಕ ವೇಳೆ ಈ ಎರಡು ಮಾತುಗಳನ್ನೂ ಆಡುವವರು ಒಬ್ಬರೇ ಆಗಿರುತ್ತಾರೆ. ಮೊದಲಿನಂತೆಯೇ ಇದ್ದರೆ ಬೇಸರ, ಇಲ್ಲದಿದ್ದರೆ ಅಸಮಾಧಾನ. ಹಾಗಾದರೆ ಪ್ರೇಕ್ಷಕನು ನಿಜವಾಗಿ ಬಯಸುವುದೇನು? ಅವನ ನಿರೀಕ್ಷೆಯು ತನಗೆ ತಾನೇ ವಿರುದ್ಧವಾದುದೆ? ಅಥವಾ ಆ ಎರಡು ದೂರುಗಳ ಹಿಂದೆಯೂ ಒಂದೇ ಆಸೆಯು ಅಡಗಿಕೊಂಡಿದೆಯೆ? ಇದನ್ನು ಕೊಂಚ ನಿಧಾನವಾಗಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಥೆಯು ಮೊದಲೇ ತಿಳಿದಿದ್ದರೆ ರುಚಿ ಕೆಡುವುದೆಂದು ಕೆಲವರ ಅಭಿಪ್ರಾಯ. ಇದು ನಿಜವಾಗಿದ್ದರೆ ನಮ್ಮ ದೇಶದಲ್ಲಿ ಚಲಚ್ಚಿತ್ರವು ಹುಟ್ಟುತ್ತಲೇ ಇರಲಿಲ್ಲ. ೧೯೧೩ರಲ್ಲಿ ದಾದಾಸಾಹೇಬ ಫಾಲ್ಕೆಯವರು ತೆಗೆದ ಮೊದಲ ಚಿತ್ರವು ರಾಜಾ ಹರಿಶ್ಚಂದ್ರನ ಕಥೆ. ಅದರ ಕೊನೆಯೇನೆಂಬುದನ್ನು ಅರಿಯದ ಪ್ರೇಕ್ಷಕರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದಾರು? ಆ ಫಾಲ್ಕೆಯವರೇ ೧೯೧೭ರಲ್ಲಿ ಅದೇ ಕಥೆಯನ್ನು ಮರಳಿ ಚಿತ್ರವಾಗಿ ತೆಗೆದರು. ನಮ್ಮ ಕನ್ನಡದಲ್ಲಿಯೂ ೧೯೪೩ರಲ್ಲಿ ಆರ್. ನಾಗೇಂದ್ರರಾಯರ 'ಸತ್ಯ ಹರಿಶ್ಚಂದ್ರ' ಬಂದಿತು. ೧೯೬೫ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ರಾಜಕುಮಾರರು ಅದೇ ಸತ್ಯಸಂಧನ ಪಾತ್ರವನ್ನು ಧರಿಸಿದರು. ರಾಘವಾಂಕನ ಕಾವ್ಯವನ್ನು ಓದಿದವರೂ, ಅಜ್ಜಿಯ ಬಾಯಿಂದ ಕೇಳಿದವರೂ, ಬಯಲಾಟದಲ್ಲಿ ಕಂಡವರೂ ಮತ್ತೆ ಹೋಗಿ ನೋಡಿದರು. ಚಂದ್ರಮತಿಯು ಮಗನ ಶವವನ್ನೆತ್ತಿಕೊಂಡು ಸುಡುಗಾಡಿಗೆ ಬಂದಾಗ ಮತ್ತೆ ಕಣ್ಣೀರಿಟ್ಟರು. ಆದುದರಿಂದ ತಿಳಿದ ಕಥೆಯೆಂಬುದು ದೋಷವಲ್ಲ.

ನಾನು ಬಹುಕಾಲ ಪಾಠಶಾಲೆಯಲ್ಲಿ ಉಪಾಧ್ಯಾಯನಾಗಿದ್ದವನು. ಕೆಳಗಿನ ತರಗತಿಯ ಮಕ್ಕಳು ಮಧ್ಯಾಹ್ನದ ಕೊನೆಯ ಅವಧಿಯಲ್ಲಿ, "ಸಾರ್, ಅದೇ ಕಥೆ ಹೇಳಿ ಸಾರ್" ಎಂದು ಪೀಡಿಸುತ್ತಿದ್ದರು. ಕಥೆಯಲ್ಲಿ ಹುಲಿಯ ಬದಲು ಕರಡಿಯನ್ನು ತಂದರೆ, "ಕರಡಿ ಅಲ್ಲ ಸಾರ್, ಹುಲಿ" ಎಂದು ಒಕ್ಕೊರಲಿನಿಂದ ತಿದ್ದುತ್ತಿದ್ದರು. ಹಾಗೆಂದು, ಮನಸ್ಸಿಲ್ಲದೆ ಕಂಠಪಾಠ ಒಪ್ಪಿಸಿದಂತೆ ಹೇಳಿದರೆ ಎರಡೇ ನಿಮಿಷಗಳಲ್ಲಿ ಆಕಳಿಸತೊಡಗುತ್ತಿದ್ದರು. ಹುಲಿಯು ಅದೇ ಹುಲಿಯಾಗಿರಬೇಕು. ಆದರೆ ಅದು ಈ ದಿನ, ಈ ಕ್ಷಣದಲ್ಲಿ, ತಮ್ಮೆದುರಿಗೇ ಗರ್ಜಿಸಬೇಕು. ದೊಡ್ಡವರಾದ ನಾವು ಚಿತ್ರಮಂದಿರದಲ್ಲಿ ಬಯಸುವುದೂ ಇದನ್ನೇ ಅಲ್ಲವೆ?

ಈ ವಿಷಯವನ್ನು ನಮ್ಮ ಪೂರ್ವಿಕರು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಆನಂದವರ್ಧನನು ತನ್ನ 'ಧ್ವನ್ಯಾಲೋಕ'ದ ನಾಲ್ಕನೆಯ ಉದ್ಯೋತದಲ್ಲಿ, ಒಬ್ಬ ಕವಿಯ ಕೃತಿಯು ಇನ್ನೊಬ್ಬನ ಕೃತಿಯನ್ನು ಹೋಲುವ ಪ್ರಸಂಗವನ್ನು ಎತ್ತಿಕೊಂಡು, ಆ ಹೋಲಿಕೆಯು ಮೂರು ಬಗೆಯೆಂದು ವಿಂಗಡಿಸುತ್ತಾನೆ. ಮೊದಲನೆಯದು ಪ್ರತಿಬಿಂಬದಂತೆ; ಎರಡನೆಯದು ಬರೆದ ಚಿತ್ರದಂತೆ; ಮೂರನೆಯದು ಒಬ್ಬ ದೇಹಧಾರಿಯನ್ನು ಹೋಲುವ ಇನ್ನೊಬ್ಬ ದೇಹಧಾರಿಯಂತೆ. ಮೊದಲಿನ ಎರಡನ್ನು ಕವಿಯು ಬಿಡಬೇಕು, ಮೂರನೆಯದನ್ನು ಬಿಡಬೇಕಾಗಿಲ್ಲವೆಂಬುದು ಅವನ ನಿರ್ಣಯ. ಗೃಹಸ್ಥರಿಗೆ ಇದನ್ನು ಮನೆಯ ಉದಾಹರಣೆಯಿಂದಲೇ ಹೇಳಬಹುದು. ಅಜ್ಜನು ಕನ್ನಡಿಯ ಮುಂದೆ ನಿಂತಾಗ ಅದರಲ್ಲಿ ಕಾಣುವ ಮುಖವು ಒಂದು ಹೋಲಿಕೆ; ಅಜ್ಜನು ಸರಿದರೆ ಅದೂ ಇಲ್ಲ. ಗೋಡೆಯ ಮೇಲೆ ತೂಗುಹಾಕಿದ ಅಜ್ಜನ ಪಟವು ಇನ್ನೊಂದು ಹೋಲಿಕೆ. ಅದು ನಿಲ್ಲುತ್ತದೆ, ಆದರೆ ಉಸಿರಾಡುವುದಿಲ್ಲ. ಅದೇ ಮೂಗು, ಅದೇ ಹುಬ್ಬು ಹೊತ್ತು ಅಂಗಳದಲ್ಲಿ ಓಡಾಡುವ ಮೊಮ್ಮಗನು ಮೂರನೆಯ ಹೋಲಿಕೆ. ಅವನನ್ನು ಕಂಡು, "ಥೇಟ್ ಅಜ್ಜನೇ" ಎಂದು ನಾವು ಹಿಗ್ಗುತ್ತೇವೆ. ಆದರೆ ಅವನ ಜೀವ ಅವನದು, ಅವನ ಹಟ ಅವನದು. ಹಳೆಯ ಚಿತ್ರವನ್ನು ಆಧರಿಸಿ ಹೊಸ ಚಿತ್ರವನ್ನು ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ದೊರೆಯಲಾರದು.

ಕನ್ನಡಿಯ ಬಿಂಬದಂತಹ ಪುನರ್ನಿರ್ಮಾಣಕ್ಕೆ ಅಮೆರಿಕದ ಒಂದು ನಿದರ್ಶನವಿದೆ. ಆಲ್ಫ್ರೆಡ್ ಹಿಚ್‌ಕಾಕ್ ಅವರ 'ಸೈಕೋ' ಎಂಬ ಕಪ್ಪು-ಬಿಳುಪು ಚಿತ್ರವು ೧೯೬೦ರಲ್ಲಿ ಬಿಡುಗಡೆಯಾದಾಗ, ಆಟ ಆರಂಭವಾದ ಮೇಲೆ ಬಂದವರನ್ನು ಒಳಗೆ ಬಿಡಬಾರದೆಂದು ಚಿತ್ರಮಂದಿರಗಳಿಗೆ ಕಟ್ಟಪ್ಪಣೆಯಿದ್ದಿತು. ಕಥೆಯ ನಾಯಕಿಯೆಂದು ಎಲ್ಲರೂ ನಂಬಿದ್ದ ಹೆಂಗಸು ಚಿತ್ರದ ಅರ್ಧಭಾಗವೂ ಮುಗಿಯುವ ಮೊದಲೇ ಕೊಲೆಯಾಗುವುದು ಅದರ ಆಘಾತದ ಮರ್ಮ. ಮೂವತ್ತೆಂಟು ವರ್ಷಗಳ ತರುವಾಯ, ೧೯೯೮ರಲ್ಲಿ, ಗಸ್ ವ್ಯಾನ್ ಸ್ಯಾಂಟ್ ಎಂಬ ನಿರ್ದೇಶಕರು ಅದೇ ಚಿತ್ರಕಥೆಯನ್ನು ಹಿಡಿದು, ಹೆಚ್ಚುಕಡಮೆ ಒಂದೊಂದು ದೃಶ್ಯವನ್ನೂ ಹಿಂದಿನಂತೆಯೇ ಜೋಡಿಸಿ, ಅದೇ ಸಂಗೀತವನ್ನು ಬಳಸಿ, ಬಣ್ಣದಲ್ಲಿ ತೆಗೆದರು. ಮೂಲಕ್ಕೆ ಇಷ್ಟು ನಿಷ್ಠವಾದ ಪುನರ್ನಿರ್ಮಾಣವು ಅಪರೂಪ. ಆದರೂ ಜನರು ಅದನ್ನು ಮೆಚ್ಚಲಿಲ್ಲ. ದೃಶ್ಯಗಳು ಬಂದಿದ್ದುವು, ಆಘಾತವು ಬಂದಿರಲಿಲ್ಲ. ಕನ್ನಡಿಯು ಮುಖವನ್ನು ಕೊಟ್ಟೀತು, ಮುಖದ ಹಿಂದಿನ ಮನುಷ್ಯನನ್ನು ಕೊಡಲಾರದು. ಮೊದಲಿನಂತೆಯೇ ಇರಲಿ ಎನ್ನುವ ಪ್ರೇಕ್ಷಕನ ಬಯಕೆಯನ್ನು ಅಕ್ಷರಶಃ ನಡೆಸಿಕೊಟ್ಟರೆ ಏನಾಗುವುದೆಂಬುದಕ್ಕೆ ಇದೇ ಸಾಕ್ಷಿ.

ಎರಡನೆಯ ಬಗೆಗೆ ನಿದರ್ಶನವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ ಅವರು ೧೯೭೨ರಲ್ಲಿ 'ನಾಗರಹಾವು' ಚಿತ್ರವನ್ನು ತೆಗೆದರು. ವಿಷ್ಣುವರ್ಧನರು ನಾಯಕನಟರಾಗಿ ಬೆಳಕಿಗೆ ಬಂದುದು ಅದರಿಂದಲೇ. ಚಿತ್ರದುರ್ಗದ ಕಲ್ಲುಬಂಡೆಗಳಂತೆಯೇ ಒರಟಾದ ರಾಮಾಚಾರಿ, ಅವನನ್ನು ಹೆತ್ತ ಮಗನಿಗಿಂತ ಹೆಚ್ಚಾಗಿ ಪ್ರೀತಿಸುವ ಚಾಮಯ್ಯ ಮೇಷ್ಟ್ರು, ಒನಕೆ ಓಬವ್ವನ ಪ್ರಸಂಗ, ಇವುಗಳನ್ನು ಕನ್ನಡ ನಾಡು ಇಂದಿಗೂ ಮರೆತಿಲ್ಲ. ಇಲ್ಲಿಯೂ ನಿರೀಕ್ಷೆಯ ಮಾತು ಬಂದೇ ಬರುತ್ತದೆ: ಸ್ವತಃ ಕಾದಂಬರಿಕಾರರು, ತಮ್ಮ ನಾಗರಹಾವನ್ನು ಪುಟ್ಟಣ್ಣನವರು ಕೇರೆಹಾವು ಮಾಡಿದರೆಂದು ಅಸಮಾಧಾನಪಟ್ಟರೆಂಬುದು ಪ್ರಸಿದ್ಧವಾಗಿದೆ. ಪ್ರೇಕ್ಷಕರಾದರೋ ಆ ಹಾವನ್ನು ತಲೆಯ ಮೇಲೆ ಹೊತ್ತು ಮೆರೆಸಿದರು.

ಎರಡು ವರ್ಷಗಳಲ್ಲಿಯೇ ಪುಟ್ಟಣ್ಣನವರು ಅದೇ ಕಥೆಯನ್ನು ಹಿಂದಿಯಲ್ಲಿ 'ಜಹ್ರೀಲಾ ಇನ್ಸಾನ್' ಎಂಬ ಹೆಸರಿನಿಂದ ತೆಗೆದರು. ನಾಯಕರು ಋಷಿ ಕಪೂರ್. ಸಂಗೀತ ರಾಹುಲ್ ದೇವ್ ಬರ್ಮನ್ ಅವರದು. ನಿರ್ದೇಶಕರು ಅವರೇ, ಕಥೆಯೂ ಅದೇ. ಆದರೆ ಚಿತ್ರವು ಸೋತಿತು. ಕಿಶೋರ್ ಕುಮಾರರು ಹಾಡಿದ ಒಂದು ಹಾಡು ಮಾತ್ರ ಜನರ ನಾಲಗೆಯಲ್ಲಿ ಉಳಿಯಿತು. ಕಾರಣವೇನಿರಬಹುದು? ಓಬವ್ವನ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗನ ಎದೆಯಲ್ಲಿ ಏಳುವ ಭಾವವು ಗಂಗಾತೀರದ ಪ್ರೇಕ್ಷಕನ ಎದೆಯಲ್ಲಿ ಏಳುವಂತಿಲ್ಲ. ಮಡಿ, ಮರ್ಯಾದೆ, ಮಾತು, ಸಿಟ್ಟು ಎಲ್ಲವೂ ದುರ್ಗದ ನೆಲದಲ್ಲಿ ಬೇರುಬಿಟ್ಟಿದ್ದುವು. ಬೇರನ್ನು ಬಿಟ್ಟು ಗಿಡದ ರೂಪವನ್ನು ಮಾತ್ರ ಕೊಂಡೊಯ್ದರೆ ಅದು ಗೋಡೆಯ ಮೇಲಿನ ಪಟವೇ ಆಗುವುದು. ಮೂಲವನ್ನು ಸೃಷ್ಟಿಸಿದ ಕೈಯೇ ಮತ್ತೆ ಬರೆದರೂ ಜೀವವು ತಾನಾಗಿ ಬರುವುದಿಲ್ಲವೆಂಬುದು ಇದರಿಂದ ತಿಳಿಯತಕ್ಕ ಪಾಠ.

ಇದಕ್ಕೆ ಪ್ರತಿಯಾಗಿ ಮೆಹಬೂಬ್ ಖಾನರ ದೃಷ್ಟಾಂತವನ್ನು ನೋಡಬಹುದು. ಅವರು ೧೯೪೦ರಲ್ಲಿ 'ಔರತ್' ಎಂಬ ಚಿತ್ರವನ್ನು ತೆಗೆದು, ಹದಿನೇಳು ವರ್ಷಗಳ ಮೇಲೆ, ೧೯೫೭ರಲ್ಲಿ, ಅದೇ ಕಥೆಯನ್ನು 'ಮದರ್ ಇಂಡಿಯಾ' ಎಂಬ ಹೆಸರಿನಲ್ಲಿ ಮರಳಿ ತೆಗೆದರು. ನಡುವೆ ದೇಶವು ಸ್ವತಂತ್ರವಾಗಿತ್ತು. ಸಾಲಗಾರನ ಕಾಟದಲ್ಲಿ ಬೆಂದ ಒಬ್ಬ ಹಳ್ಳಿಯ ತಾಯಿಯ ಕಥೆಯು, ತನ್ನ ಕಾಲಮೇಲೆ ನಿಲ್ಲಲು ಹೆಣಗುವ ಒಂದು ದೇಶದ ಕಥೆಯಾಗಿ ಬೆಳೆಯಿತು. ದೇಹವು ಹಳೆಯದು, ಜೀವವು ಹೊಸದು. ಎರಡನೆಯ ಚಿತ್ರವು ಮೊದಲನೆಯದನ್ನು ಮೀರಿ ನಿಂತಿತು.

ಮೂರನೆಯ ಬಗೆಯ ಹೋಲಿಕೆಗೆ ನಮ್ಮ ಕಾಲದ ಅತ್ಯುತ್ತಮ ನಿದರ್ಶನವು ಮಲಯಾಳದ 'ಮಣಿಚಿತ್ರತಾಳ್'. ಫಾಜಿಲ್ ಅವರು ನಿರ್ದೇಶಿಸಿದ ಈ ಚಿತ್ರವು ೧೯೯೩ರಲ್ಲಿ ಬಂದಿತು. ಅದರಲ್ಲಿ ಅಭಿನಯಿಸಿದ ಶೋಭನಾ ಅವರಿಗೆ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿಯು ದೊರೆಯಿತು. ಹಳೆಯ ಮನೆಯೊಂದರ ಬೀಗ ಹಾಕಿದ ಕೋಣೆ. ಅದರೊಳಗೆ ನೊಂದು ಸತ್ತ ನರ್ತಕಿಯ ಕಥೆ. ಆ ಕಥೆಯನ್ನು ಮನಸ್ಸಿಗೆ ಹಚ್ಚಿಕೊಂಡು ತಾನೇ ಆ ನರ್ತಕಿಯೆಂದು ಭ್ರಮಿಸುವ ಸೊಸೆ. ಮಾಟಮಂತ್ರಕ್ಕೆ ಬದಲಾಗಿ ಮನೋವೈದ್ಯದಿಂದ ಅವಳನ್ನು ಉಳಿಸುವ ವೈದ್ಯ. ಕನ್ನಡದಲ್ಲಿ ದ್ವಾರಕೀಶರು ನಿರ್ಮಿಸಿ ಪಿ. ವಾಸು ಅವರು ನಿರ್ದೇಶಿಸಿದ 'ಆಪ್ತಮಿತ್ರ' ೨೦೦೪ರಲ್ಲಿ ಬಂದಿತು. ತಮಿಳಿನಲ್ಲಿ ೨೦೦೫ರಲ್ಲಿ 'ಚಂದ್ರಮುಖಿ', ಹಿಂದಿಯಲ್ಲಿ ೨೦೦೭ರಲ್ಲಿ 'ಭೂಲ್ ಭುಲಯ್ಯಾ' ಬಂದುವು. ಮೂರೂ ಗೆದ್ದುವು.

ಹೇಗೆ ಗೆದ್ದುವೆಂಬುದಕ್ಕೆ ಒಂದು ಸಣ್ಣ ಸಂಗತಿಯನ್ನು ವಾಚಕರು ಗಮನಿಸಬೇಕು. ಮಲಯಾಳದ ಮೂಲದಲ್ಲಿ ಆ ನರ್ತಕಿಯು ತಂಜಾವೂರಿನಿಂದ ಬಂದವಳು. ಸೊಸೆಯ ಮೇಲೆ ಅವಳ ಭ್ರಮೆಯು ಏರಿದಾಗ ಬಾಯಿಂದ ಹೊರಡುವುದು ತಮಿಳು. ಮನೆಯ ಮಾತನ್ನು ಬಿಟ್ಟು ಪಕ್ಕದ ನಾಡಿನ ಮಾತು ಮನೆಯ ಸೊಸೆಯ ಬಾಯಲ್ಲಿ ಕೇಳಿದಾಗಲೇ ನೋಡುವವರ ಮೈ ಜುಮ್ಮೆನ್ನುವುದು. ತಮಿಳು ಚಿತ್ರದಲ್ಲಿ ಅವಳಿಂದ ತಮಿಳನ್ನೇ ಆಡಿಸಿದ್ದರೆ ಆ ಭಯವೆಲ್ಲಿರುತ್ತಿತ್ತು? ಆದುದರಿಂದ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಅವಳು ತೆಲುಗನ್ನಾಡಿದಳು, ಹಿಂದಿಯಲ್ಲಿ ಬಂಗಾಳಿಯನ್ನಾಡಿದಳು. ಮೂಲದ ಮಾತನ್ನು ಬಿಟ್ಟದ್ದರಿಂದಲೇ ಮೂಲದ ಭಾವವು ಉಳಿಯಿತು. ಅಕ್ಷರಕ್ಕೆ ನಿಷ್ಠೆ ಬೇರೆ, ರಸಕ್ಕೆ ನಿಷ್ಠೆ ಬೇರೆ. ಕನ್ನಡದ ನಾಗವಲ್ಲಿಯಾಗಿ ಅಭಿನಯಿಸಿದ ಸೌಂದರ್ಯ ಅವರು ಚಿತ್ರದ ಬಿಡುಗಡೆಗೆ ಮುಂಚೆಯೇ, ೨೦೦೪ರ ಏಪ್ರಿಲ್ ತಿಂಗಳಿನಲ್ಲಿ, ವಿಮಾನ ದುರಂತದಲ್ಲಿ ತೀರಿಕೊಂಡರು. ಮಲಯಾಳದ ಮೂಲವನ್ನು ಬಲ್ಲವರು ಕೂಡ ಕನ್ನಡದ ನಾಗವಲ್ಲಿಯನ್ನು ಪ್ರತಿಬಿಂಬವೆಂದು ಎಣಿಸಲಿಲ್ಲ. ಅವಳು ನಮ್ಮವಳೇ ಆದಳು.

ಕನ್ನಡದಲ್ಲಿ ಇಂತಹ ಪುನರ್ನಿರ್ಮಾಣಗಳು ಇಷ್ಟೊಂದು ಹೆಚ್ಚಿದುದಕ್ಕೆ ಒಂದು ಚಾರಿತ್ರಿಕ ಕಾರಣವೂ ಉಂಟು. ೧೯೬೦ರ ದಶಕದಲ್ಲಿ ಅ.ನ.ಕೃ. ಮೊದಲಾದವರು ಮುಂದಾಗಿ ನಡೆಸಿದ ಕನ್ನಡ ಚಳವಳಿಯ ಫಲವಾಗಿ, ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತನ್ನು ಜೋಡಿಸಿ ತರುವ ಡಬ್ಬಿಂಗ್ ಪದ್ಧತಿಯು ನಿಂತುಹೋಯಿತು. ಇದರಿಂದ ಇಲ್ಲಿನ ನಟರಿಗೂ ತಂತ್ರಜ್ಞರಿಗೂ ಅನ್ನವೂ ಅವಕಾಶವೂ ದೊರೆತುವು. ಆದರೆ ಅನ್ಯಭಾಷೆಯ ಒಳ್ಳೆಯ ಕಥೆಯು ಕನ್ನಡದಲ್ಲಿ ಕೇಳಿಸಬೇಕಾದರೆ ಅದನ್ನು ಹೊಸದಾಗಿಯೇ ತೆಗೆಯಬೇಕಾಯಿತು. ರೀಮೇಕ್ ಎಂಬ ಶಬ್ದವು ನಮ್ಮ ಅಡುಗೆಮನೆಗಳಿಗೂ ಬಂದುದು ಹೀಗೆ. ಆ ತಡೆಯು ಸಲ್ಲದೆಂದು ಭಾರತೀಯ ಸ್ಪರ್ಧಾ ಆಯೋಗವು ೨೦೧೫ರಲ್ಲಿ ಆದೇಶವಿತ್ತ ಮೇಲೆ ಸ್ಥಿತಿಯು ಬದಲಾಗಿದೆ.

ಎರವಲು ತರುವುದು ಅವಮಾನವೆಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಹೆಪ್ಪಿಲ್ಲದಿದ್ದರೆ ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತರುವುದಿಲ್ಲವೆ? ಆದರೆ ಹಾಲು ನಮ್ಮದಾಗಿರಬೇಕು. ಹಾಗೆ ಹೆಪ್ಪುಗೊಂಡ ಮೊಸರಿನಿಂದ ನಾಳೆ ನಾವೂ ನೆರೆಯವರಿಗೆ ಹೆಪ್ಪು ಕೊಡುವೆವು. ಕನ್ನಡವು ಹಾಗೆ ಕೊಟ್ಟದ್ದೂ ಉಂಟು. ರಾಜಕುಮಾರರು ಅಭಿನಯಿಸಿದ ೧೯೮೬ರ 'ಅನುರಾಗ ಅರಳಿತು' ಚಿತ್ರವು ೧೯೯೨ರಲ್ಲಿ ತೆಲುಗಿನಲ್ಲಿ 'ಘರಾನಾ ಮೊಗುಡು' ಎಂದೂ, ತಮಿಳಿನಲ್ಲಿ 'ಮನ್ನನ್' ಎಂದೂ, ೧೯೯೪ರಲ್ಲಿ ಹಿಂದಿಯಲ್ಲಿ 'ಲಾಡ್ಲಾ' ಎಂದೂ ಬಂದಿತು. ಅದಕ್ಕೆ ಮೂಲವು ಎಚ್.ಜಿ. ರಾಧಾದೇವಿಯವರ ಕನ್ನಡ ಕಾದಂಬರಿ. ಮನೆಯಲ್ಲಿ ಕರೆಯುವ ಹಸು ಇದ್ದಾಗ ನಾವು ಕೊಡುವವರಾಗಿದ್ದೆವೆಂಬುದನ್ನು ಮರೆಯಬಾರದು.

ಈಗ ಪುನರ್ನಿರ್ಮಾಣಕ್ಕೆ ಹೊಸದೊಂದು ಕಷ್ಟವೂ ಒದಗಿದೆ. ಮಲಯಾಳದ 'ದೃಶ್ಯಂ' ೨೦೧೩ರಲ್ಲಿ ಬಂದು, ೨೦೧೪ರಲ್ಲಿ ರವಿಚಂದ್ರನ್ ಅವರ ಅಭಿನಯದಲ್ಲಿ ಕನ್ನಡದ 'ದೃಶ್ಯ' ಆದಾಗ ಇಲ್ಲಿನ ಅನೇಕ ಪ್ರೇಕ್ಷಕರಿಗೆ ಕಥೆಯು ಹೊಸದಾಗಿತ್ತು. ಆದರೆ ಅದರ ಎರಡನೆಯ ಭಾಗವು ೨೦೨೧ರ ಫೆಬ್ರವರಿಯಲ್ಲಿ ಅಂತರ್ಜಾಲದ ಮೂಲಕ ನೇರವಾಗಿ ಮನೆಗಳಿಗೇ ಬಂದಿತು. ಕನ್ನಡದ 'ದೃಶ್ಯ ೨' ಚಿತ್ರಮಂದಿರಕ್ಕೆ ಬಂದುದು ಆ ವರ್ಷದ ಡಿಸೆಂಬರಿನಲ್ಲಿ. "ತಾತ, ಅದನ್ನು ಮಲಯಾಳದಲ್ಲೇ ನೋಡಿದ್ದೀವಲ್ಲ, ಮತ್ತೇಕೆ?" ಎಂದು ನಮ್ಮ ಮನೆಯ ಮಕ್ಕಳು ಕೇಳಿದರು. ಕುತೂಹಲವನ್ನೇ ಬಂಡವಾಳ ಮಾಡಿಕೊಂಡ ಕಥೆಗೆ ಇದು ದೊಡ್ಡ ಪೆಟ್ಟು. ಕೊನೆಯೇನೆಂಬ ಕುತೂಹಲವು ಒಮ್ಮೆಗೆ ಮುಗಿಯುವ ಸರಕು. ಮನುಷ್ಯನು ಏನು ಅನುಭವಿಸಿದನೆಂಬ ಕರುಣೆಯು ಮಾತ್ರ ಹರಿಶ್ಚಂದ್ರನ ಕಥೆಯಂತೆ ನೂರು ಸಲಕ್ಕೂ ಮುಗಿಯದು. ಇನ್ನು ಮೇಲೆ ಪುನರ್ನಿರ್ಮಾಣವು ಉಳಿಯಬೇಕಾದರೆ ಎರಡನೆಯದನ್ನೇ ನೆಚ್ಚಬೇಕು.

ಇನ್ನು ಉತ್ತರಭಾಗಗಳ ವಿಚಾರ. ಜನರು ಸೀಕ್ವೆಲ್ ಎನ್ನುವ ಈ ಪದ್ಧತಿಯು ಹೊಸದೆಂದು ತಿಳಿಯಬೇಕಾಗಿಲ್ಲ. ಭವಭೂತಿಯು 'ಮಹಾವೀರಚರಿತ'ದಲ್ಲಿ ಶ್ರೀರಾಮನ ಕಥೆಯನ್ನು ಪಟ್ಟಾಭಿಷೇಕದವರೆಗೆ ಹೇಳಿ, 'ಉತ್ತರರಾಮಚರಿತ'ದಲ್ಲಿ ಮುಂದಿನ ಕಥೆಯನ್ನು ನಾಟಕವಾಗಿಸಿದನು. ಎರಡನೆಯ ನಾಟಕದ ಮೊದಲನೆಯ ಅಂಕದಲ್ಲಿ ರಾಮಸೀತೆಯರು ತಮ್ಮ ಹಿಂದಿನ ಜೀವನದ ಚಿತ್ರಪಟಗಳನ್ನು ನೋಡುತ್ತಾ ಹೋಗುವರು; ನೋಡುವವರಿಗೂ ಹಿಂದಿನದೆಲ್ಲ ನೆನಪಾಗುವುದು, ಮುಂದಿನ ವಿಯೋಗದ ನೆರಳೂ ಬೀಳುವುದು. ಸೀತಾಪರಿತ್ಯಾಗದಿಂದ ನೊಂದ ಸಹೃದಯರ ಮನಸ್ಸಿನಲ್ಲಿ ಒಂದು ಸಾಲವು ಉಳಿದಿತ್ತು. ವಾಲ್ಮೀಕಿಯ ಉತ್ತರಕಾಂಡದಲ್ಲಿ ಸೀತೆಯು ಭೂಮಿಯೊಳಗೆ ಸೇರುವಳು. ಭವಭೂತಿಯಾದರೋ ಅವಳನ್ನು ರಾಮನೊಡನೆ ಮರಳಿ ಕೂಡಿಸಿ ಆ ಸಾಲವನ್ನು ತೀರಿಸಿದನು. ಉತ್ತರಭಾಗಕ್ಕೆ ಇದೇ ಧರ್ಮ: ಮೊದಲ ಕಥೆಯು ತೀರಿಸದೆ ಬಿಟ್ಟ ಸಾಲವೊಂದು ಇರಬೇಕು, ಎರಡನೆಯದು ಅದನ್ನು ತೀರಿಸಬೇಕು.

ಈ ಅಳತೆಯಿಂದ ನೋಡಿದರೆ ನಮ್ಮ ಚಿತ್ರಗಳ ಗತಿಯು ಸ್ಪಷ್ಟವಾಗುವುದು. ಯೋಗರಾಜ ಭಟ್ಟರ 'ಮುಂಗಾರು ಮಳೆ' ೨೦೦೬ರಲ್ಲಿ ನಾಡನ್ನೇ ನೆನೆಸಿತು. ಅಗಲಿಕೆಯೇ ಅದರ ಪೂರ್ಣಾಹುತಿ. ಅಲ್ಲಿ ಯಾವ ಸಾಲವೂ ಉಳಿದಿರಲಿಲ್ಲ. ಹತ್ತು ವರ್ಷಗಳ ಮೇಲೆ, ೨೦೧೬ರಲ್ಲಿ, ಬೇರೆ ನಿರ್ದೇಶಕರು, ಬೇರೆ ಕಥೆಯೊಡನೆ, ಅದೇ ನಾಯಕನಟರನ್ನಿಟ್ಟುಕೊಂಡು ಅದೇ ಹೆಸರಿನ ಎರಡನೆಯ ಭಾಗವನ್ನು ತಂದರು. ಜನರು ಹಿಂದಿನ ಮಳೆಯನ್ನು ನೆನೆದು ಹೋದರು. ಅದು ದೊರೆಯದೆ ಹಿಂದಿರುಗಿದರು. ಹೆಸರು ಮಾತ್ರವೇ ಸೇತುವೆಯಾಗಲಾರದು.

'ಆಪ್ತರಕ್ಷಕ'ದ ಸಂಗತಿ ಬೇರೆ. ೨೦೧೦ರಲ್ಲಿ ಬಂದ ಈ ಚಿತ್ರದಲ್ಲಿ ನಾಗವಲ್ಲಿಯ ಚಿತ್ರಪಟವೊಂದು ಮನೆಯಿಂದ ಮನೆಗೆ ಸಾಗಿ ಹಿಂದಿನ ಕಥೆಯನ್ನು ಮುಂದಕ್ಕೆ ತರುವುದು. ವೈದ್ಯನ ಪಾತ್ರದೊಡನೆ ರಾಜನ ಪಾತ್ರವನ್ನೂ ವಿಷ್ಣುವರ್ಧನರೇ ಧರಿಸಿದರು. ಆದರೆ ಚಿತ್ರವು ತೆರೆಗೆ ಬರುವ ಮುಂಚೆ, ೨೦೦೯ರ ಡಿಸೆಂಬರ್ ೩೦ರಂದು, ಅವರು ಕಾಲವಾದರು. ಜನರು ಆ ಚಿತ್ರಕ್ಕೆ ಹೋದುದು ನಾಗವಲ್ಲಿಗಾಗಿ ಮಾತ್ರವಲ್ಲ. ರಾಮಾಚಾರಿಯಾಗಿ ಬಂದವನನ್ನು ಕೊನೆಯ ಸಲ ಕಣ್ತುಂಬ ಕಾಣುವುದಕ್ಕಾಗಿ. ಇಂತಹ ನಿರೀಕ್ಷೆಯನ್ನು ಯಾವ ನಿರ್ಮಾಪಕನೂ ಹೂಡಿ ಪಡೆಯಲಾರನು.

ರಿಷಬ್ ಶೆಟ್ಟಿಯವರ 'ಕಾಂತಾರ' ೨೦೨೨ರಲ್ಲಿ ಗೆದ್ದ ಮೇಲೆ ಅವರು ಮುಂದಿನ ಕಥೆಯನ್ನು ಬಿಟ್ಟು ಹಿಂದಿನ ಕಥೆಯನ್ನು ಹಿಡಿದರು. ೨೦೨೫ರ ಅಕ್ಟೋಬರಿನಲ್ಲಿ ಬಂದ ಚಿತ್ರವು ಕದಂಬರ ಕಾಲಕ್ಕೆ ಹೋಗಿ ದೈವದ ಮೂಲವನ್ನು ಅರಸಿತು. ಮೊದಲ ಚಿತ್ರದ ಕೊನೆಯಲ್ಲಿ ನಾಯಕನು ಕಾಡಿನಲ್ಲಿ ಕಣ್ಮರೆಯಾದಾಗ, "ಈ ದೈವ ಬಂದುದೆಲ್ಲಿಂದ?" ಎಂಬ ಪ್ರಶ್ನೆಯು ಪ್ರೇಕ್ಷಕರಲ್ಲಿ ಉಳಿದಿತ್ತು. ಅದು ನಿಜವಾದ ಸಾಲ. ಅದನ್ನು ತೀರಿಸಲು ಹೊರಟುದು ಸರಿಯಾದ ದಾರಿ.

ಇಷ್ಟೆಲ್ಲ ವಿಚಾರದಿಂದ ಗೃಹಸ್ಥರಿಗೇನು ಪ್ರಯೋಜನವೆಂದು ಕೇಳಬಹುದು. ಪ್ರಯೋಜನವುಂಟು. ಚಿತ್ರಗಳನ್ನು ನಿರ್ಮಿಸುವವರು ನಮ್ಮ ನಿರೀಕ್ಷೆಯನ್ನೇ ನೋಡಿ ಹಣ ಹೂಡುವರು. ನಾವು ಹೆಸರಿಗೆ ಮರುಳಾದರೆ ಹೆಸರುಗಳನ್ನೇ ಮಾರುವರು. ಪ್ರತಿಬಿಂಬವನ್ನು ಬೇಡಿದರೆ ಕನ್ನಡಿಗಳನ್ನೇ ತರುವರು. ಆಗ ನಷ್ಟವು ಒಂದು ಸಂಜೆಯದೂ ಒಂದು ಟಿಕೇಟಿನದೂ ಮಾತ್ರವಲ್ಲ. ತ.ರಾ.ಸು., ರಾಧಾದೇವಿ ಮುಂತಾದವರಂತೆ ನಮ್ಮ ನೆಲದ ಕಥೆಯನ್ನು ಬರೆಯಬಲ್ಲವನು ಎಲ್ಲಿಯೋ ಕುಳಿತಿರುವನು. ಅವನ ಬಾಗಿಲನ್ನು ತಟ್ಟುವವರೇ ಇಲ್ಲದಂತಾಗುವುದು. ಕರೆಯುವ ಹಸು ಮನೆಯಲ್ಲಿದ್ದೂ ಹಾಲಿಗೆ ಬೀದಿ ಸುತ್ತುವ ಮನೆತನವು ಏಳಿಗೆಯಾದುದನ್ನು ಯಾರೂ ಕಂಡಿಲ್ಲ.

ಆದುದರಿಂದ ಮುಂದೊಮ್ಮೆ ಇಂತಹ ಚಿತ್ರಕ್ಕೆ ಮಕ್ಕಳುಮರಿಯೊಡನೆ ಹೊರಡುವಾಗ, "ಮೊದಲಿನಂತಿದೆಯೆ?" ಎಂಬ ಪ್ರಶ್ನೆಯನ್ನು ಬದಿಗಿಟ್ಟು ಎರಡು ಬೇರೆ ಪ್ರಶ್ನೆಗಳನ್ನು ಕೇಳೋಣ. ಮರಳಿ ತೆಗೆದ ಚಿತ್ರವಾದರೆ, ಇದಕ್ಕೆ ತನ್ನದೇ ಆದ ಜೀವವಿದೆಯೆ? ಉತ್ತರಭಾಗವಾದರೆ, ಇದು ಯಾವ ಸಾಲವನ್ನು ತೀರಿಸಲು ಬಂದಿದೆ? ಇವಕ್ಕೆ ಒಳ್ಳೆಯ ಉತ್ತರ ದೊರೆತರೆ ಮೂಲಕ್ಕಿಂತ ಎಷ್ಟು ಬೇರೆಯಾಗಿದ್ದರೂ ಮುನಿಯಬೇಕಾಗಿಲ್ಲ. ಮೊಮ್ಮಗನ ಮುಖದಲ್ಲಿ ಅಜ್ಜನು ಕಂಡರೆ ಸಂತೋಷಪಡೋಣ. ಆದರೆ ಅವನು ಅಜ್ಜನಂತೆಯೇ ನಡೆಯಲಿ, ಅಜ್ಜನಂತೆಯೇ ಕೆಮ್ಮಲಿ ಎಂದು ಹಟ ಹಿಡಿಯದಿರೋಣ.